ಹುಸಿಗುಳಿಗೆಯ ಧರ್ಮಸಂಕಟ

ಸರ್ಪಸುತ್ತು ಎಂಬ ರೋಗದ ಹೆಸರನ್ನು ಕೇಳದವರು ನಮ್ಮಲ್ಲಿ ಕಡಮೆ. ಹಾವಿನ ತಲೆಯೂ ಬಾಲವೂ ಕೂಡಿದರೆ ಪ್ರಾಣ ಹೋಗುವುದೆಂಬ ನಂಬಿಕೆ ಹಳೆಯದು. ವಾಸ್ತವವಾಗಿ ಆ ಬೊಕ್ಕೆಗಳ ಪಟ್ಟಿ ಸಾಮಾನ್ಯವಾಗಿ ಮೈಯ ನಡುಗೆರೆಯನ್ನು ದಾಟುವುದೇ ಇಲ್ಲ. ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸು ನರದ ಬುಡದಲ್ಲಿ ಅಡಗಿದ್ದು, ಮುಪ್ಪಿನಲ್ಲಿ ದೇಹದ ಕಾವಲು ಸಡಿಲವಾದಾಗ ತಲೆಯೆತ್ತುತ್ತದೆ. ಅಂಜಬೇಕಾದದ್ದು ಬೇರೊಂದಕ್ಕೆ. ಬೊಕ್ಕೆ ಮಾಯ್ದ ಮೇಲೂ ಕೆಲವರಿಗೆ ನೋವು ಉಳಿಯುತ್ತದೆ. ಗಾಯಗೊಂಡ ನರಕ್ಕೆ ಅಂಗಿಯ ಬಟ್ಟೆ ಸೋಕಿದರೂ ಕೆಂಡ ಮುಟ್ಟಿದಂತೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇದೇ ಪಾಡು.

ಈ ನೋವಿಗೆ ಹೊಸ ಮದ್ದನ್ನು ಹುಡುಕುವ ಕೆಲಸದಲ್ಲಿ ಒಂದು ಧರ್ಮಸೂಕ್ಷ್ಮವಿದೆ. ನೋವನ್ನು ಅಳೆಯುವ ಯಂತ್ರವಿಲ್ಲ. ಸೊನ್ನೆಯಿಂದ 10ರ ವರೆಗೆ ರೋಗಿಯೇ ಅಂಕ ಹೇಳಬೇಕು. ಮದ್ದು ಸಿಕ್ಕಿತೆಂಬ ಭರವಸೆಯಿಂದಲೇ ಅಂಕ ಇಳಿಯುವುದುಂಟು. ಕಾಲಕ್ರಮದಲ್ಲಿ ತಾನಾಗಿ ಇಳಿಯುವುದೂ ಉಂಟು. ಆದಕಾರಣ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಮದ್ದನ್ನೂ ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಹುಸಿಗುಳಿಗೆಯನ್ನೂ ಕೊಡುತ್ತಾರೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು.

ಮೂರ್ಛೆರೋಗಕ್ಕೆಂದು ಬಂದಿದ್ದ ಗ್ಯಾಬಪೆಂಟಿನ್ ಈ ನೋವಿಗೂ ಆದೀತೆಂದು ತೋರಿಸಿದ ಪ್ರಯೋಗ 1998ರಲ್ಲಿ ಪ್ರಕಟವಾಯಿತು. 229 ರೋಗಿಗಳು, ಎಂಟು ವಾರ. ಮದ್ದು ನುಂಗಿದವರ ನೋವು ಸರಾಸರಿ 6.3ರಿಂದ 4.2ಕ್ಕೆ ಇಳಿಯಿತು, ಉಳಿದವರದು 6.5ರಿಂದ 6ಕ್ಕೆ. ಈ ಎರಡನೆಯ ಲೆಕ್ಕದಲ್ಲಿ ನೂರಕ್ಕೂ ಮೇಲ್ಪಟ್ಟ ಜನರ ನರಳಿಕೆ ಅಡಗಿದೆ. ಮೆಣಸಿನಕಾಯಿಯ ಖಾರದ ಸತ್ತ್ವದಿಂದ ಮಾಡಿದ ಪಟ್ಟಿಗೆ 2009ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದರಲ್ಲಿ ಆ ಸತ್ತ್ವ ನೂರಕ್ಕೆ 8ರಷ್ಟು. ಹೋಲಿಕೆಯ ಪಟ್ಟಿ ಸ್ವಲ್ಪವೂ ಉರಿಯದಿದ್ದರೆ ಗುಟ್ಟು ರಟ್ಟಾದೀತೆಂದು ಪ್ರಯೋಗದಲ್ಲಿ ಅದಕ್ಕೂ ನೂರಕ್ಕೆ 0.04ರಷ್ಟು ಖಾರ ಬೆರೆಸಿದ್ದರು!

ಇದು ಸರಿಯೆ? ಎದುರಿಗೆ ಕುಳಿತ ರೋಗಿಯ ಕ್ಷೇಮವಲ್ಲವೆ ವೈದ್ಯನ ಮೊದಲ ಧರ್ಮ? 1964ರಲ್ಲಿ ಹೊರಟು ಹಲವು ಸಲ ತಿದ್ದುಪಡಿಯಾದ ಹೆಲ್ಸಿಂಕಿ ಘೋಷಣೆಯೂ ಇದನ್ನೇ ಹೇಳುತ್ತದೆ. ರೋಗಿ ಒಪ್ಪಿ ರುಜು ಹಾಕಿದ್ದಾನೆಂಬ ಸಮಾಧಾನ ನನಗೆ ಸಾಲದು. ಎಷ್ಟೋ ರಾತ್ರಿ ನಿದ್ದೆಗೆಟ್ಟವನು ಯಾವ ಕಾಗದಕ್ಕೆ ತಾನೆ ರುಜು ಹಾಕುವುದಿಲ್ಲ?

ಆದರೂ ಮರುಪಕ್ಷವನ್ನು ತಳ್ಳಿಹಾಕಲಾರೆ. ಪರೀಕ್ಷೆಯಿಲ್ಲದ ಮದ್ದನ್ನು ಕೊಡುವವನು ತಿಳಿಯದೆಯೇ ಹುಸಿಗುಳಿಗೆ ಕೊಡುತ್ತಿರಬಹುದು; ಎಂಟು ವಾರವಲ್ಲ, ಜೀವಮಾನವಿಡೀ; ಒಪ್ಪಿಗೆ ಕೇಳದೆ, ಬೆಲೆಯನ್ನೂ ತೆಗೆದುಕೊಂಡು. ಅಥವಾ ವಿಷವನ್ನೇ ಕೊಡುತ್ತಿರಬಹುದು. ಇಎಂಎ 401 ಎಂಬ ಮದ್ದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ನೋವಿಗೆ ಆಸೆ ಹುಟ್ಟಿಸಿತ್ತು. ದೀರ್ಘಕಾಲ ಕೊಟ್ಟ ಪ್ರಾಣಿಗಳಲ್ಲಿ ಅದು ಯಕೃತ್ತಿಗೆ ಕೇಡು ಮಾಡುವುದು ಕಂಡುಬಂದು, 2019ರಲ್ಲಿ ಮುಂದಿನ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಕರುಣೆಯೊಂದನ್ನೇ ನಂಬಿ ಅದನ್ನು ಎಲ್ಲರಿಗೂ ಹಂಚಿದ್ದರೆ?

ಹಾಗಾದರೆ ಹುಸಿಗುಳಿಗೆ ಅಧರ್ಮವಲ್ಲ. ಆದರೆ ಅದು ಸಾಲ. ಈಗ ಕೈಯಲ್ಲಿರುವ ಮದ್ದುಗಳು ಪೂರ್ಣವಲ್ಲ: ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದಾಗ, ಗ್ಯಾಬಪೆಂಟಿನಿನಿಂದ ನೋವು ಅರ್ಧಕ್ಕಾದರೂ ಇಳಿದವರು ನೂರಕ್ಕೆ ಸುಮಾರು 32 ಮಂದಿ, ಹುಸಿಗುಳಿಗೆಯಿಂದ 17. ಅಪೂರ್ಣವಾದರೂ ಮದ್ದು ಇರುವಾಗ ರೋಗಿಯನ್ನು ಬರಿಗೈಯಲ್ಲಿ ಕೂರಿಸಬಾರದು. ಹಳೆಯದನ್ನು ನಿಲ್ಲಿಸದೆ ಅದರ ಮೇಲೆ ಹೊಸದನ್ನು ಪರೀಕ್ಷಿಸಬಹುದು. ತಾಳಲಾರದವನು ಯಾವ ಗಳಿಗೆಯಲ್ಲಾದರೂ, ಯಾರ ಮುಖವನ್ನೂ ನೋಡದೆ, ಎದ್ದುಹೋಗುವಂತಿರಬೇಕು. ಮದ್ದು ಗೆದ್ದರೆ ಅದು ಮೊದಲು ತಲಪಬೇಕಾದದ್ದು ಹುಸಿಗುಳಿಗೆ ನುಂಗಿದವರಿಗೆ, ಅದೂ ಬೆಲೆಯಿಲ್ಲದೆ.

ದೇವಋಣ, ಋಷಿಋಣ, ಪಿತೃಋಣವೆಂದು ಹಿರಿಯರು ಮೂರನ್ನು ಎಣಿಸಿದರು. ಔಷಧದಂಗಡಿಯಲ್ಲಿ ಹಣ ಕೊಟ್ಟು ಗುಳಿಗೆ ತರುವ ನಮಗೆ ನಾಲ್ಕನೆಯದೂ ಒಂದಿದೆ. ಅದು ಅಂಗಡಿಯವನಿಗೆ ಕೊಟ್ಟ ದುಡ್ಡಿನಿಂದ ತೀರತಕ್ಕದ್ದಲ್ಲ.