ಎರಡನೆಯ ಸಲ ಕೇಳಿದವರು ಯಾರು?

ನಿಕ್ ಡ್ರೇಕ್ ಎಂಬ ಇಂಗ್ಲಿಷ್ ಹಾಡುಗಾರನ ಹೆಸರನ್ನು ನಮ್ಮಲ್ಲಿ ಬಹಳ ಜನ ಕೇಳಿರಲಿಕ್ಕಿಲ್ಲ. ತಾನೇ ಬರೆದು, ತಾನೇ ಧಾಟಿ ಹಾಕಿ, ಗಿಟಾರ್ ಹಿಡಿದು ಮೆಲುದನಿಯಲ್ಲಿ ಹಾಡುತ್ತಿದ್ದವನು. ಹುಟ್ಟಿದ್ದು 1948ರಲ್ಲಿ, ರಂಗೂನಿನಲ್ಲಿ. ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದವನ ಮೊದಲ ಆಲ್ಬಂ 'ಫೈವ್ ಲೀವ್ಸ್ ಲೆಫ್ಟ್' 1969ರಲ್ಲಿ ಹೊರಬಂತು. ಆಗ ಅವನಿಗೆ 21 ವರ್ಷ. ಸಿಗರೇಟು ಸುತ್ತುವ ಕಾಗದದ ಕಟ್ಟಿನಲ್ಲಿ ಇನ್ನೈದೇ ಹಾಳೆ ಉಳಿದಿವೆ ಎಂದು ತಿಳಿಸುವ ಚೀಟಿ ಇರುತ್ತಿತ್ತಂತೆ, ಹೆಸರು ಅಲ್ಲಿಂದ ಬಂದದ್ದು. ಆಮೇಲೆ 1971ರಲ್ಲಿ ಒಂದು, 1972ರಲ್ಲಿ ಒಂದು ಆಲ್ಬಂ. ಮೂರೂ ಅಂಗಡಿಯಲ್ಲೇ ಉಳಿದವು. 1974ರ ನವೆಂಬರಿನಲ್ಲಿ, 26ನೆಯ ವಯಸ್ಸಿಗೆ, ಅಪ್ಪ ಅಮ್ಮನ ಮನೆಯಲ್ಲಿ ತೀರಿಕೊಂಡ. ಕೊನೆಯ ವರ್ಷಗಳು ಖಿನ್ನತೆಯಲ್ಲಿ ಕಳೆದಿದ್ದವು.

ಇವತ್ತು ಆ ಮೊದಲ ಆಲ್ಬಮ್ಮನ್ನು ಆ ಕಾಲದ ಶ್ರೇಷ್ಠ ಧ್ವನಿಮುದ್ರಿಕೆಗಳಲ್ಲಿ ಒಂದು ಎನ್ನುತ್ತಾರೆ. ಹಾಗೆನ್ನುವವರು ಕೂಡಲೇ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಅಂದಿನ ವಿಮರ್ಶಕರು ಕುರುಡರು, ಆ ಹುಡುಗನನ್ನು ಕೊಂದವರೇ ಅವರು. ಈ ಎರಡನೆಯ ಮಾತನ್ನು ನಾನು ಒಪ್ಪುವುದಿಲ್ಲ. ಕೀಟ್ಸ್ ಬಗ್ಗೆಯೂ ಇದೇ ಕಥೆ ಹಬ್ಬಿತ್ತಲ್ಲ, ಪತ್ರಿಕೆಯ ಟೀಕೆಗೆ ನೊಂದು ಸತ್ತ ಅಂತ. ಅವನು ಸತ್ತದ್ದು ಕ್ಷಯದಿಂದ. ಕಾಯಿಲೆಯ ಲೆಕ್ಕವನ್ನು ವಿಮರ್ಶಕನ ಖಾತೆಗೆ ಬರೆದರೆ ಕಾಯಿಲೆಯೂ ಅರ್ಥವಾಗುವುದಿಲ್ಲ, ವಿಮರ್ಶೆಯೂ ಅರ್ಥವಾಗುವುದಿಲ್ಲ.

ಹಾಗಾದರೆ ವಿಮರ್ಶಕರ ಮೇಲೆ ಯಾವ ಹೊಣೆಯೂ ಇರಲಿಲ್ಲವೆ? ನನ್ನನ್ನು ಕಾಡುವುದು ಈ ಪ್ರಶ್ನೆ. ಹೊಸಬರ ಮೊದಲ ಕೆಲಸಕ್ಕೆ ನಾವು ಏನನ್ನು ಕೊಡಬೇಕು?

1969ರಲ್ಲಿ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆಯ ದೂರು ಸರಳವಾಗಿತ್ತು: ಆಲ್ಬಮ್ಮಿನಲ್ಲಿ ವೈವಿಧ್ಯ ಸಾಲದು. ಅಭಿಮಾನಿಗಳು ಇದನ್ನು ದೊಡ್ಡ ಅಪರಾಧವೆಂಬಂತೆ ನೋಡುತ್ತಾರೆ. ನನಗೆ ಅದು ಅರ್ಧ ಸರಿಯಾಗಿಯೇ ಕಾಣುತ್ತದೆ. ಹತ್ತು ಹಾಡಿನಲ್ಲೂ ಅದೇ ಮೆಲುದನಿ, ಹೆಚ್ಚಿನವುಗಳಲ್ಲಿ ಅದೇ ನಿಧಾನ. ಬರೆದವರ ಕಿವಿಗೆ ಏನೋ ಒಂದು ಬಿದ್ದಿತ್ತು. ಬೀಳದೆ ಹೋದದ್ದು ಇನ್ನೊಂದು. 'ರಿವರ್ ಮ್ಯಾನ್' ಎಂಬ ಹಾಡು ಐದು ಎಣಿಕೆಯಲ್ಲಿ ನಡೆಯುತ್ತದೆ. ಮೊದಲ ಸಲ ಕೇಳುವಾಗ ಅದು ಬರೀ ನಿಧಾನ ಅನ್ನಿಸುತ್ತದೆ. ಖಂಡಛಾಪು ಕೇಳಿ ಬೆಳೆದ ನಮ್ಮ ಕಿವಿಗೂ, ನಂಬಿ, ಕೂಡಲೇ ಹೊಳೆಯುವುದಿಲ್ಲ. ಗಿಟಾರು ಅಷ್ಟು ನಯವಾಗಿ ಆ ಐದನ್ನು ಬಚ್ಚಿಟ್ಟಿದೆ. ಎರಡನೆಯ ಸಲವೋ ಮೂರನೆಯ ಸಲವೋ, ಹಿಂದೆ ತಂತಿವಾದ್ಯಗಳು ಎದ್ದುಬರುವಾಗ, ಕಾಲ ಕೆಳಗಿನ ನೆಲ ಸ್ವಲ್ಪ ಜರುಗಿದ ಹಾಗಾಗುತ್ತದೆ. ಆಮೇಲೆ ಆ ಹಾಡು ಬಿಡುವುದಿಲ್ಲ.

ಹೆಸರಾದ ಕಲಾವಿದನ ಹತ್ತನೆಯ ಆಲ್ಬಮ್ಮನ್ನು ಹೇಗೆ ಕೇಳಬೇಕೆಂದು ಹಿಂದಿನ ಒಂಬತ್ತು ನಮಗೆ ಕಲಿಸಿರುತ್ತವೆ. ಮೊದಲ ಆಲ್ಬಮ್ಮಿಗೆ ಅಂಥ ಮೇಷ್ಟ್ರಿಲ್ಲ. ಅದು ತನ್ನನ್ನು ಕೇಳುವ ರೀತಿಯನ್ನು ತಾನೇ ಕಲಿಸಬೇಕು, ಅದಕ್ಕೆ ಸಮಯ ಬೇಕು. ಆದ್ದರಿಂದ ಹೊಸಬರಿಗೆ ಒಂದೇ ಒಂದು ರಿಯಾಯಿತಿ ಸಲ್ಲುತ್ತದೆ ಎಂಬುದು ನನ್ನ ವಾದ: ತೀರ್ಪಿಗೆ ಮುಂಚೆ ಇನ್ನೊಂದು ಸಲ ಕೇಳುವುದು. ಮೆಚ್ಚಲೇಬೇಕೆಂದಿಲ್ಲ. ಕಾಸು ಕೊಟ್ಟು ಕೊಳ್ಳುವ ಓದುಗನಿಗೂ ವಿಮರ್ಶಕ ನಿಜ ಹೇಳಬೇಕಾಗಿದೆ.

ಇಷ್ಟೇಕೆ ತಲೆಕೆಡಿಸಿಕೊಳ್ಳುತ್ತೇನೆಂದರೆ, ತೀರ್ಪು ಬರೆಯುವುದು ನನ್ನ ಸಂಬಳದ ಕೆಲಸವೂ ಹೌದು. ಪುಣೆಯ ಐಟಿ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಕಾಲೇಜಿನಿಂದ ನೇರ ಬಂದ ಹುಡುಗ ಹುಡುಗಿಯರ ಪ್ರೊಬೇಷನ್ ಮುಗಿಯುವಾಗ ಒಬ್ಬೊಬ್ಬರ ಮೇಲೆ ನಾಲ್ಕು ಸಾಲು ಬರೆಯಬೇಕು. ಆ ನಾಲ್ಕು ಸಾಲು ಮುಂದಿನ ಮ್ಯಾನೇಜರಿನ ಕಣ್ಣಿಗೆ ಬೀಳುತ್ತದೆ, ಅವರು ಆ ಹುಡುಗಿಯನ್ನು ನೋಡುವ ಮುಂಚೆಯೇ. ಕೋಡ್ ರಿವ್ಯೂ ಇನ್ನೂ ಸಣ್ಣದು, ಆದರೆ ದಿನನಿತ್ಯದ್ದು. ಅಲ್ಲಿ ನಾನು ಕಂಡಂತೆ ಹೊಸಬರು ಹೆದರುವುದು ಕಟು ಮಾತಿಗಲ್ಲ. 'ಈ ಫಂಕ್ಷನ್ ಎರಡು ಕೆಲಸ ಮಾಡುತ್ತಿದೆ, ಬೇರೆ ಮಾಡು' ಅಂದರೆ ಮುಖ ಅರಳುತ್ತದೆ, ಯಾರೋ ಓದಿದ್ದಾರೆ ಅಂತ. ಮೂರು ದಿನ ಕೂತು ಬರೆದದ್ದಕ್ಕೆ ಅರ್ಧ ನಿಮಿಷದಲ್ಲಿ 'ಲುಕ್ಸ್ ಗುಡ್' ಎಂದು ಬಂದರೆ ಮುಖ ಬಾಡುತ್ತದೆ. ತೆರೆದೇ ನೋಡಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ.

ನಮ್ಮ ಹೊರನಾಡ ಸಂಘಗಳ ಪುಸ್ತಕ ಬಿಡುಗಡೆಯಲ್ಲೂ ಇದೇ. ಶಾಲು, ಹಾರ, 'ಭರವಸೆಯ ಕವಿ' ಎಂಬ ಮಾತು. ಅತಿಥಿಗಳ ಕೈಯಲ್ಲಿರುವ ಪ್ರತಿಯ ರಿಬ್ಬನ್ ಆಗತಾನೆ ಬಿಚ್ಚಿರುತ್ತದೆ. ಇದನ್ನು ಪ್ರೋತ್ಸಾಹ ಎನ್ನುತ್ತೇವೆ. ಓದದೆ ಹೊಗಳುವುದು ಓದದೆ ತೆಗಳುವುದಕ್ಕಿಂತ ಹೇಗೆ ಮೇಲು ಎಂದು ನನಗಂತೂ ತಿಳಿದಿಲ್ಲ. ವೈವಿಧ್ಯ ಸಾಲದು ಎಂದವರು ಆಲ್ಬಮ್ಮನ್ನು ಒಂದು ಸಲವಾದರೂ ಹಾಕಿ ಕೇಳಿದ್ದರು.

ಕಾಲವೇ ನ್ಯಾಯ ಕೊಡುತ್ತದೆ, ನೋಡಿ ಈಗ ಎಷ್ಟು ಕೀರ್ತಿ ಎಂದು ಸಮಾಧಾನ ಹೇಳುವವರಿದ್ದಾರೆ. ಡ್ರೇಕ್‌ನ ಕೀರ್ತಿ ಹಬ್ಬಿದ್ದರಲ್ಲಿ ಒಂದು ಕಾರಿನ ಜಾಹೀರಾತಿನ ಪಾಲೂ ಇದೆ. ಸತ್ತು 25 ವರ್ಷವಾದ ಮೇಲೆ ಫೋಕ್ಸ್‌ವ್ಯಾಗನ್ ಅವನ 'ಪಿಂಕ್ ಮೂನ್' ಹಾಡನ್ನು ಬಳಸಿತು, ಮಾರಾಟ ಒಮ್ಮೆಲೇ ಏರಿತು. ಅದರಿಂದ ಅವನಿಗೇನಾಯಿತು?

ಬದುಕಿ ಉಳಿದವರ ವಿಷಯ ಇನ್ನೂ ಕಷ್ಟದ್ದು. ಡ್ರೇಕ್‌ನ ಮೊದಲ ಆಲ್ಬಮ್ಮಿನ ನಿರ್ಮಾಪಕ ಜೋ ಬಾಯ್ಡ್ ಮರುವರ್ಷ ಇನ್ನೊಬ್ಬ ಹೊಸ ಹಾಡುಗಾರ್ತಿಯ ಆಲ್ಬಂ ತಂದರು: ವಶ್ಟಿ ಬನ್ಯನ್, 25 ವರ್ಷ, 'ಜಸ್ಟ್ ಅನದರ್ ಡೈಮಂಡ್ ಡೇ'. ಟೀಕೆ ಹಾಗಿರಲಿ, ಸದ್ದೇ ಆಗಲಿಲ್ಲ. ಆಕೆ ಹಾಡುವುದನ್ನು ಬಿಟ್ಟು ಹಳ್ಳಿಗಾಡಿನಲ್ಲಿ ಮಕ್ಕಳನ್ನು ಬೆಳೆಸಿದರು. 2000ದಲ್ಲಿ ಅದೇ ಆಲ್ಬಂ ಮರುಮುದ್ರಣವಾದಾಗ ಹೊಗಳಿಕೆ ಬಂತು. ಅಷ್ಟರಲ್ಲಿ ಅವರಿಗೆ 55. ಪಡೆದವರು ಸಂತೋಷಪಟ್ಟರು, ಸರಿ. ಆದರೆ ಆ ಮಾತು ಬೇಕಾಗಿದ್ದದ್ದು 25ರ ಹುಡುಗಿಗೆ. ನಡುವಿನ 30 ವರ್ಷದಲ್ಲಿ ಹುಟ್ಟಬಹುದಾಗಿದ್ದ ಹಾಡುಗಳನ್ನು ಯಾವ ಮರುಮುದ್ರಣವೂ ತರಲಾರದು.

ಅವರ ಎರಡನೆಯ ಆಲ್ಬಂ 'ಲುಕ್‌ಆಫ್ಟರಿಂಗ್' 2005ರಲ್ಲಿ ಬಂತು. ಅದನ್ನು ನಾನು ಇದುವರೆಗೆ ಒಂದೇ ಸಲ ಕೇಳಿದ್ದೇನೆ, ಹಾಗಾಗಿ ಅದರ ಬಗ್ಗೆ ಈಗಲೇ ಏನೂ ಬರೆಯುವುದಿಲ್ಲ.