ಕಾಲ್ಗುಣ

2023ರ ಅಕ್ಟೋಬರಿನಲ್ಲಿ ಮುಂಬಯಿಯ ಕಟ್ಟಕಡೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತೆಂದು ಪತ್ರಿಕೆಯಲ್ಲಿ ಬಂದಿತ್ತು. ನಮ್ಮವರು ಫೋಟೋ ತೋರಿಸಿ, "ನೋಡು, ನಮ್ಮ ಪದ್ಮಿನಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ಕಾರಿನ ವಿಷಯದಲ್ಲಿ ನಾನು ಆಡಿದ ಒಂದು ಮಾತು ಇಷ್ಟು ವರ್ಷವಾದರೂ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ.

ಅದು ಮಾವನವರ ಗಾಡಿ. 1985ರದು, ಕೆನೆ ಬಣ್ಣ, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ. ಮಾವ ಹೋದ ಮೇಲೆ ನೋಡಿಕೊಳ್ಳುವವರಿಲ್ಲದೆ 2006ರಲ್ಲಿ ಮಾರಿಬಿಡೋಣವೆಂದುಕೊಂಡೆವು. ಮಾರುವ ಮುಂಚೆ ಒಮ್ಮೆ ತೋರಿಸೋಣವೆಂದು ತಿಪಟೂರಿನಲ್ಲಿ ನಮ್ಮ ಮನೆಯ ಹತ್ತಿರವೇ ಇದ್ದ ಮೇಸ್ತ್ರಿಯನ್ನು ಕರೆಸಿದೆವು. ಅವರು ಎಂಜಿನ್ನಿಗೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನನ್ನ ಮುಂದೆ ಹಿಡಿದರು. ಒಳಗಡೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಕೊಳೆ ಮೆತ್ತಿಕೊಂಡಿತ್ತು. ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನ್ ಓಡಿಸಿದರೆ ನೀರಿನಲ್ಲಿ ಬುಳುಬುಳು ಗುಳ್ಳೆ. "ಹೆಡ್ ಗ್ಯಾಸ್ಕೆಟ್ ಹೊರಟಿದೆ ಮೇಡಮ್ಮೋರೆ" ಎಂದರು.

ಗ್ಯಾಸ್ಕೆಟ್ ಎಂದರೆ ನನಗೆ ಗೊತ್ತಿದ್ದುದು ಕುಕ್ಕರಿನದು. ಅದು ಹಾಳಾದರೆ ಪಕ್ಕದಿಂದ ಉಸ್ಸೆನ್ನುತ್ತದೆ, ಬೇಳೆ ಬೇಯುವುದಿಲ್ಲ, ಅಷ್ಟೆ. ಕಾರಿನದು ಹಾಗಲ್ಲವಂತೆ. ಎಂಜಿನ್ನಿನ ಕೆಳಗಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂತ ಆ ತೆಳುವಾದ ಹಾಳೆ ಬೆಂಕಿ, ನೀರು, ಎಣ್ಣೆ ಮೂರನ್ನೂ ಒಂದಕ್ಕೊಂದು ಸೇರದಂತೆ ಕಾಯಬೇಕು. ಅದು ಸೋತರೆ ನೀರು ಎಣ್ಣೆಗೆ ಇಳಿಯುತ್ತದೆ, ಬೆಂಕಿಯ ಹೊಗೆ ನೀರಿಗೆ ನುಗ್ಗುತ್ತದೆ. ಊರೊಳಗೆ ಒಂದಷ್ಟು ದಿನ ಏನೂ ಗೊತ್ತಾಗುವುದಿಲ್ಲ. ದೂರ ಹೊರಟರೆ, ಅದರಲ್ಲೂ ಏರು ಹತ್ತಿದರೆ, ಕಾದು ಕುದಿಯುತ್ತದೆ.

ನಮ್ಮವರು ಹೊಸ ಆಯಿಲ್ ಹಾಕಿಸಿದರು, ರೇಡಿಯೇಟರಿಗೆ ನೀರು ತುಂಬಿಸಿದರು, ಮುಚ್ಚಳವನ್ನು ಬಟ್ಟೆಯಿಂದ ಒರೆಸಿದರು. "ಹಳೇ ಗಾಡಿ ಕೊಳ್ಳುವವನಿಗೆ ಇದೆಲ್ಲಾ ಗೊತ್ತಿರುತ್ತೆ. ಕೇಳಿದರೆ ಹೇಳೋಣ" ಎಂದರು. ನಾನೂ ತಲೆಯಾಡಿಸಿದೆ.

ಕೊಳ್ಳಲು ಬಂದವರು ಹತ್ತಿರದ ಹಳ್ಳಿಯ ತೆಂಗಿನ ತೋಟದವರು, ಆಗಷ್ಟೇ ಮದುವೆಯಾದ ಹುಡುಗ. ಗಾಡಿಯ ಸುತ್ತ ಒಂದು ಸುತ್ತು ಬಂದು, ನಮ್ಮವರನ್ನು ಬಿಟ್ಟು ನನ್ನನ್ನೇ ಕೇಳಿದ: "ಗಾಡಿ ಹೆಂಗಿದೆ ಅಕ್ಕೋರೆ?" ಮೇಷ್ಟ್ರ ಮಾತಿಗೆ ಹಳ್ಳಿಯವರು ಕೊಡುವ ಬೆಲೆ ನನಗೆ ಗೊತ್ತಿಲ್ಲದ್ದೇನಲ್ಲ. "ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನಮ್ಮನ್ನು ದಾರಿಯಲ್ಲಿ ಬಿಟ್ಟಿಲ್ಲಪ್ಪ" ಎಂದೆ.

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನು ಇಪ್ಪತ್ತು ಸಲ ಅಳೆದು ನೋಡಿದ್ದೇನೆ, ಪ್ರತಿ ಪದವೂ ನಿಜ. ನಮ್ಮ ಕಡೆ ಹೆಣ್ಣು ನೋಡುವಾಗ, ಗಂಡು ತೋರಿಸುವಾಗ ಇಂಥ ನಿಜಗಳನ್ನು ನಾವೆಷ್ಟು ಆಡುವುದಿಲ್ಲ! "ಹುಡುಗ ಬೆಂಗಳೂರಲ್ಲಿದ್ದಾನೆ" ಎನ್ನುತ್ತೇವೆ. ಇದ್ದಾನೆ, ಸರಿ. ಕೆಲಸ ಬಿಟ್ಟು ಏಳು ತಿಂಗಳಾಯಿತೆಂದು ಯಾರೂ ಕೇಳಿರುವುದಿಲ್ಲ. ತರಗತಿಯಲ್ಲಿ ಹುಡುಗರು "ನಾನು ಕಾಪಿ ಮಾಡ್ಲಿಲ್ಲ ಮಿಸ್, ಅವನೇ ತೋರಿಸಿದ" ಎಂದರೆ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಆನೆಯೆಂಬುದನ್ನು ಮೆಲ್ಲಗೆ ನುಂಗಿದ್ದಕ್ಕೆ, ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತೆಂದು ಮಕ್ಕಳಿಗೆ ಪಾಠ ಹೇಳಿದವಳೂ ನಾನೇ. ಅವನಾದರೂ ಆನೆಯ ಹೆಸರೆತ್ತಿದ್ದ. ನಾನು ಅದನ್ನೂ ಮಾಡಲಿಲ್ಲ.

ಇಪ್ಪತ್ತೆಂಟು ಸಾವಿರಕ್ಕೆ ವ್ಯಾಪಾರ ಕುದುರಿತು.

ಮೂರು ವಾರ ಕಳೆದಿರಬಹುದು. ಹುಡುಗ ಮನೆಗೆ ಬಂದ. ಧರ್ಮಸ್ಥಳಕ್ಕೆ ಹೋಗಿ ಬರುವಾಗ ಶಿರಾಡಿ ಘಾಟಿಯ ಏರಿನಲ್ಲಿ ಹಬೆಯೆದ್ದು ಗಾಡಿ ನಿಂತಿದೆ. ತಾಯಿ, ಹೆಂಡತಿಯನ್ನು ಬಸ್ಸಿಗೆ ಹತ್ತಿಸಿ, ಗಾಡಿಯನ್ನು ಲಾರಿಗೆ ಕಟ್ಟಿಸಿಕೊಂಡು ಬಂದಿದ್ದಾನೆ. ಜಗಳಕ್ಕೆ ಬಂದಿದ್ದಾನೆಂದು ನನ್ನ ಎದೆ ಡವಗುಟ್ಟುತ್ತಿತ್ತು. ಅವನು ಬಂದಿದ್ದು ನಮ್ಮ ಮೇಸ್ತ್ರಿಯ ಮನೆ ಎಲ್ಲೆಂದು ಕೇಳಲು! "ನಿಮ್ಮ ಕೈಲಿ ಇಪ್ಪತ್ತು ವರ್ಷ ಚೆನ್ನಾಗಿದ್ದ ಗಾಡಿ. ನಮ್ಮನೆಗೆ ಬಂದ ಗಳಿಗೆ ಸರಿ ಇಲ್ಲ ಅಂತಾರೆ ನಮ್ಮವ್ವ. ಹೊಸ ಸೊಸೆ ಕಾಲ್ಗುಣ ಅಂತ ದಿನಾ ಒಂದೇ ಮಾತು" ಎಂದು ತಲೆ ತಗ್ಗಿಸಿದ.

ಘಾಟಿಯಲ್ಲಿ ಗಾಡಿ ನಿಲ್ಲುವುದನ್ನು ನಾನು ಊಹಿಸಿದ್ದೆ. ನನ್ನ ಮಾತು ಹೋಗಿ ಕಂಡರಿಯದ ಹೆಣ್ಣುಮಗಳೊಬ್ಬಳ ತಲೆಯ ಮೇಲೆ ಬೀಳುತ್ತದೆಂದು ಊಹಿಸಿರಲಿಲ್ಲ.

ಆಗಲೂ ನನಗೆ ಮೊದಲು ತೋಚಿದ್ದು ಸುಲಭದ ದಾರಿಯೇ. "ರಿಪೇರಿ ಖರ್ಚು ನಾವು ಕೊಡ್ತೀವಿ, ಬಿಡಪ್ಪ" ಎಂದೆ. ಅವನ ಕಣ್ಣು ತುಂಬಿ ಬಂತು. ನಮ್ಮದು ದೊಡ್ಡ ಮನಸ್ಸೆಂದು ಕೈಮುಗಿದ. ಆ ಕೈಮುಗಿತವನ್ನು ತೆಗೆದುಕೊಂಡದ್ದು ಮೊದಲಿನ ಮಾತಿಗಿಂತ ದೊಡ್ಡ ತಪ್ಪೆಂದು ಈಗಲೂ ಅನ್ನಿಸುತ್ತದೆ.

ಎರಡು ದಿನ ಶಾಲೆ ಬಿಟ್ಟ ಮೇಲೆ ಮೇಸ್ತ್ರಿಯ ಶೆಡ್ಡಿಗೆ ಹೋಗಿ ಕೂತೆ. ಹೆಡ್ ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ಬ್ಲಾಕು ಬೀಡು ಕಬ್ಬಿಣದ್ದು, ಹೆಡ್ಡು ಅಲ್ಯೂಮಿನಿಯಮ್ಮಿನದು; ಅತಿಯಾಗಿ ಕಾದರೆ ಬಾಗುವುದು ಹೆಡ್ಡೇ. ನೇರ ಉಕ್ಕಿನ ಪಟ್ಟಿಯೊಂದನ್ನು ಅದರ ಮೇಲಿಟ್ಟು ಕೆಳಗಿನ ಸಂದಿಗೆ ಕಾಗದಕ್ಕಿಂತ ತೆಳುವಾದ ತಗಡು ತೂರಿಸಿ ನೋಡಿದರು. ತೂರಿತು. ಲೇತ್ ಅಂಗಡಿಗೆ ಕಳಿಸಿ ಮಟ್ಟ ಮಾಡಿಸಿ ತಂದದ್ದಾಯಿತು. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಬ್ಲಾಕಿನಿಂದ ಕೆರೆದು ತೆಗೆಯುವುದಕ್ಕೇ ಒಂದು ಸಂಜೆ ಹಿಡಿಯಿತು. ಒಂದು ಚೂರು ಉಳಿದರೂ ಹೊಸದು ಕೂರುವುದಿಲ್ಲವಂತೆ. ಬಿಗಿಯುವುದಕ್ಕೂ ಕ್ರಮವಿದೆ: ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕಲ್ಲ, ಸುತ್ತು ಸುತ್ತಾಗಿ, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ. ಟಾರ್ಕ್ ರೆಂಚಿನ ಮುಳ್ಳು ನೋಡುತ್ತಾ ಮೇಸ್ತ್ರಿ ಉಸಿರು ಹಿಡಿದು ತಿರುಗಿಸುತ್ತಿದ್ದರು. "ಮುಚ್ಚಿದ ಮೇಲೆ ಯಾರಿಗೆ ಕಾಣುತ್ತೆ, ಇಷ್ಟೆಲ್ಲಾ ಯಾಕೆ?" ಎಂದು ಕೇಳಿದೆ. "ಗಾಡಿಗೆ ಗೊತ್ತಾಗುತ್ತಲ್ಲ ಮೇಡಮ್ಮೋರೆ" ಎಂದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡದೆ, "ಆವತ್ತೇ ನಿಮಗೆ ತೋರಿಸಿದ್ನಲ್ಲ" ಎಂದರು. ಅಷ್ಟೇ ಅಂದದ್ದು.

ಒಟ್ಟು ಎರಡೂವರೆ ಸಾವಿರದ ಮೇಲಾಯಿತು. ಕೊಟ್ಟು ಮನೆಗೆ ಬಂದರೆ ಮನಸ್ಸು ಹಗುರವಾಗಲಿಲ್ಲ. ಗಾಡಿ ಸರಿಹೋದರೆ ಆ ಹುಡುಗಿಯ ಕಾಲ್ಗುಣ ಸರಿಹೋಯಿತೇ? ದುಡ್ಡು ಕೊಟ್ಟು ನಾನು ಒಳ್ಳೆಯವಳಾಗಿದ್ದೆ, ಅವಳು ಇದ್ದಲ್ಲೇ ಇದ್ದಳು. "ಈಗ ಹೋಗಿ ಹೇಳಿ ಮರ್ಯಾದೆ ಕಳ್ಕೋತೀಯಾ?" ಎಂದು ನಮ್ಮವರು ರೇಗಿದರು. ಅವರ ಮಾತೂ ಸುಳ್ಳಲ್ಲ. ಊರಿನಲ್ಲಿ ಮೇಷ್ಟ್ರಿಗೆ ಸಂಬಳ ಬಿಟ್ಟರೆ ಇರುವುದು ಅದೊಂದೇ.

ಭಾನುವಾರ ಒಬ್ಬಳೇ ಬಸ್ಸು ಹತ್ತಿ ಹೋದೆ. ಜಗುಲಿಯ ಮೇಲೆ ಅತ್ತೆ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಸೊಸೆ ನೀರು ತಂದುಕೊಟ್ಟು ಬಾಗಿಲ ಮರೆಗೆ ಸರಿಯುತ್ತಿದ್ದಳು. "ಇಲ್ಲೇ ಇರಮ್ಮ, ನಿನಗೂ ಹೇಳಬೇಕು" ಎಂದು ನಿಲ್ಲಿಸಿದೆ. ಮಾರುವ ಮೊದಲೇ ಗಾಡಿ ಕೆಟ್ಟಿತ್ತು, ನಮಗೆ ಗೊತ್ತಿತ್ತು, ಮುಚ್ಚಿಟ್ಟು ಮಾರಿದೆವು, ಈ ಮಗುವಿನದೇನೂ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಹುಡುಗ ನನ್ನನ್ನು ನೋಡಿದ ನೋಟ ನನಗೆ ಬರಬೇಕಾದದ್ದೇ. ಅವನು ಆಮೇಲೆ ನನ್ನನ್ನು ಅಕ್ಕೋರೆ ಎನ್ನಲಿಲ್ಲ.

ಮುದುಕಿ ಬಹಳ ಹೊತ್ತು ಅಡಿಕೆಯನ್ನೇ ಕತ್ತರಿಸಿದರು. ಕೊನೆಗೆ, "ಗಾಡಿದು ಸರಿ ಕಣಮ್ಮ. ಮೊನ್ನೆ ಕರೆಯೋ ಹಸು ಬತ್ತೋಯ್ತಲ್ಲ, ಅದಕ್ಕೇನಂತೀಯ?" ಎಂದರು.

ಸೊಸೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಕ್ಕೆ ಹೋದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ.