ಕೇಳಿದ್ದೋ, ಊಹಿಸಿದ್ದೋ?

ಗೋಡೆಗಡಿಯಾರವೊಂದು ಸುಳ್ಳು ಹೇಳಬಲ್ಲದೇ? ಪ್ರಶ್ನೆ ಬಾಲಿಶವೆನಿಸಬಹುದು. ಆದರೆ 2011ರಲ್ಲಿ ಜಪಾನಿನಲ್ಲಿ ನಡೆದುದನ್ನು ಗಮನಿಸಿದರೆ, ಅದು ನಮ್ಮ ನಾಲಗೆಯ ಕುರಿತಾದ ಪ್ರಶ್ನೆಯೂ ಹೌದು ಎಂಬುದು ಮನವರಿಕೆಯಾಗುತ್ತದೆ.

ರೇಡಿಯೋ ಅಲೆಗಳನ್ನು ಆಲಿಸಿ ತಮ್ಮನ್ನು ತಾವೇ ಸರಿಪಡಿಸಿಕೊಳ್ಳುವ ಗಡಿಯಾರಗಳು ಜಪಾನಿನಲ್ಲಿ ಬಹಳ ಬಳಕೆಯಲ್ಲಿವೆ. ಅವುಗಳಿಗೆಂದೇ ಫುಕುಶಿಮಾ ಪ್ರಾಂತದ ಒಟಕಡೊಯಾ ಬೆಟ್ಟದ ಮೇಲೆ 1999ರಿಂದ ಒಂದು ಪ್ರಸಾರ ಕೇಂದ್ರವಿದೆ. ಅದರಲ್ಲಿ ಹಾಡಿಲ್ಲ, ವಾರ್ತೆಯಿಲ್ಲ. ಅದು ಸಾರುವುದು ವೇಳೆಯನ್ನು ಮಾತ್ರ. ಪರಮಾಣು ಗಡಿಯಾರದ ಲೆಕ್ಕವನ್ನು ಸೆಕೆಂಡಿಗೆ 40,000 ಬಾರಿ ಕಂಪಿಸುವ ಅಲೆಯ ಮೇಲೆ ಹೊರಿಸಿ ಕಳುಹಿಸುತ್ತದೆ. ಆ ಅಲೆಯ ಉದ್ದ ಏಳೂವರೆ ಕಿಲೋಮೀಟರ್! ಇಷ್ಟು ಉದ್ದದ ಅಲೆ ನೆಲದ ಬಾಗನ್ನು ಅನುಸರಿಸುತ್ತಾ ಸುಮಾರು 1,000 ಕಿ.ಮೀ. ಸಾಗುತ್ತದೆ, ಮನೆಯೊಳಕ್ಕೂ ಬರುತ್ತದೆ. ಸೆಕೆಂಡಿಗೊಂದು ಸಂಕೇತ: ಅಲೆ ಪೂರ್ಣ ಬಲದಲ್ಲಿ 0.8 ಸೆಕೆಂಡು ಇದ್ದರೆ ಸೊನ್ನೆ, 0.5 ಸೆಕೆಂಡು ಇದ್ದರೆ ಒಂದು. ಇವನ್ನು ಒಂದು ನಿಮಿಷ ಪೂರ್ತಿ ಕೇಳಿಸಿಕೊಂಡರೆ ಗಂಟೆ, ನಿಮಿಷ, ದಿನ, ವರ್ಷ ಎಲ್ಲವೂ ತಿಳಿಯುತ್ತದೆ. ಗಡಿಯಾರವು ಹೆಚ್ಚಾಗಿ ರಾತ್ರಿಯ ಹೊತ್ತು ಕಿವಿಗೊಟ್ಟು ತನ್ನ ಮುಳ್ಳುಗಳನ್ನು ತಿದ್ದಿಕೊಳ್ಳುತ್ತದೆ. ಉಳಿದ ಹೊತ್ತು ಅದು ನಡೆಯುವುದು ತನ್ನೊಳಗಿನ ಕ್ವಾರ್ಟ್ಜ್ ಹರಳಿನ ಅಂದಾಜಿನಲ್ಲಿ. ಆ ಹರಳು ತಿಂಗಳಿಗೆ ಹತ್ತಿಪ್ಪತ್ತು ಸೆಕೆಂಡು ತಪ್ಪಬಹುದು.

2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ, ಅದರ ಬೆನ್ನಿಗೇ ಅಣುಸ್ಥಾವರದ ದುರಂತ. ಈ ಕೇಂದ್ರ ಸ್ಥಾವರದಿಂದ 20 ಕಿ.ಮೀ. ಒಳಗಿತ್ತು. ಮರುದಿನ ಸಿಬ್ಬಂದಿಯನ್ನು ತೆರವುಗೊಳಿಸಲಾಯಿತು, ಅಲೆ ನಿಂತಿತು. ದೂರದ ಕ್ಯೂಶು ದ್ವೀಪದಲ್ಲಿ ಇನ್ನೊಂದು ಕೇಂದ್ರವಿತ್ತಾದರೂ ಅದರ ದನಿ ಎಲ್ಲರನ್ನೂ ತಲುಪುವಂತಿರಲಿಲ್ಲ. ಸಂಕೇತ ಸಿಗದ ಗಡಿಯಾರಗಳು ನಿಂತುಬಿಟ್ಟವೇ? ಇಲ್ಲ. ಅದೇ ಗಾಂಭೀರ್ಯದಿಂದ ವೇಳೆ ತೋರಿಸುತ್ತಲೇ ಇದ್ದವು. ನಿನ್ನೆ ಹೇಳಿದ್ದು ಕೇಳಿದ್ದನ್ನು, ಇಂದು ಹೇಳುತ್ತಿರುವುದು ಊಹೆಯನ್ನು. ಮುಖ ಮಾತ್ರ ಒಂದೇ.

ಗಡಿಯಾರವನ್ನು ದೂರುವಂತಿಲ್ಲ. ಆದರೆ ನಾವು? ಹೆಣ್ಣಿನ ಕಡೆಯವರು ಬಂದು, "ಹುಡುಗ ಹೇಗೆ? ನಿಮ್ಮ ನೆರೆಯವನಲ್ಲವೇ?" ಎಂದು ವಿಚಾರಿಸುತ್ತಾರೆ. ಐದು ವರ್ಷಗಳ ಹಿಂದೆ ಕಂಡದ್ದನ್ನೋ ಯಾರೋ ಆಡಿದ್ದನ್ನೋ ಇಂದಿನ ಸತ್ಯವೆಂಬಂತೆ ಹೇಳಿಬಿಡುತ್ತೇವೆ. "ನನಗೆ ಈಗಿನದು ಗೊತ್ತಿಲ್ಲ" ಎನ್ನಲು ಅದೇನು ಸಂಕೋಚವೋ! ಸಂಬಂಧ ಮುರಿಯುತ್ತದೆ. ಮುಂದೊಂದು ದಿನ ನಮ್ಮ ತಪ್ಪು ನಮಗೇ ತಿಳಿಯುತ್ತದೆ. ಅಲ್ಲಾಹನ ಮುಂದೆ ಗುಟ್ಟಾಗಿ ತೌಬಾ ಮಾಡಿ ಹಗುರಾಗುತ್ತೇವೆ. ಆದರೆ ಆ ಮನೆಯ ಬಾಗಿಲು ತಟ್ಟಿ, "ಅಂದು ನಾನು ಹೇಳಿದ್ದು ತಪ್ಪಾಗಿತ್ತು" ಎಂದು ಹೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಮನುಷ್ಯರ ಹಕ್ಕನ್ನು ಮನುಷ್ಯರಿಗೇ ಸಲ್ಲಿಸಬೇಕಲ್ಲವೇ?

ಏಪ್ರಿಲ್ 21ರಂದು ಒಟಕಡೊಯಾ ಬೆಟ್ಟದ ಅಲೆ ಮರಳಿ ಬಂತು. ಗಡಿಯಾರಗಳು ಸದ್ದಿಲ್ಲದೆ ತಮ್ಮ ಮುಳ್ಳುಗಳನ್ನು ಸರಿಸಿಕೊಂಡವು. ಹಿಂದಿನ ದಿನ ಅವುಗಳನ್ನೇ ನಂಬಿ ಮನೆಯಿಂದ ಹೊರಟವನಿಗೆ ಯಾರೂ ಏನನ್ನೂ ಹೇಳಲಿಲ್ಲ.